ಹಳೆಯ ದೈವ, ಹೊಸ ದೇವರು ಮತ್ತು ಮನೆಯ ವಿಧವೆ



ಮತಧರ್ಮಗಳ ವಿಚಾರ ಬಂದಾಗ ನಮ್ಮಲ್ಲಿ ಬಹುಮಂದಿ ತೀರ್ಪನ್ನು ಮೊದಲೇ ಬರೆದಿಟ್ಟುಕೊಂಡು ಅನಂತರ ಸಾಕ್ಷಿಗಳನ್ನು ಹುಡುಕಲು ಹೊರಡುತ್ತಾರೆ. ಆಫ್ರಿಕಾ ಖಂಡಕ್ಕೆ ಕ್ರೈಸ್ತಧರ್ಮ ಹೋದ ಕಥೆಯನ್ನು ಹೇಳುವಾಗಲಂತೂ ಎರಡೇ ಸಿದ್ಧ ಉತ್ತರಗಳು ಕೇಳಿಬರುತ್ತವೆ. ಮಿಷನರಿಗಳು ಕತ್ತಲಲ್ಲಿದ್ದ ಜನರಿಗೆ ಬೆಳಕು ತಂದರು ಎನ್ನುವುದು ಒಂದು. ಮಿಷನರಿಗಳು ನೆಮ್ಮದಿಯಾಗಿದ್ದ ಜನರ ಸಂಸ್ಕೃತಿಯನ್ನು ಬೇರುಸಹಿತ ಕಿತ್ತು ಹಾಕಿದರು ಎನ್ನುವುದು ಇನ್ನೊಂದು. ಮೊದಲ ಉತ್ತರ ಹಳೆಯ ಪಠ್ಯಪುಸ್ತಕಗಳದ್ದು. 'ಕತ್ತಲ ಖಂಡ' ಎಂಬ ಮಾತನ್ನು ನಾವೆಲ್ಲ ಓದಿಯೇ ಬೆಳೆದವರು. ಎರಡನೆಯದು ಇಂದಿನ ಚರ್ಚಾಕೂಟಗಳದ್ದು. ಎರಡೂ ಬಹಳ ಸುಲಭವಾದ ಉತ್ತರಗಳು. ಅವನ್ನು ಹೇಳುವವರು ಆ ಜನರ ಹೆಸರನ್ನಾಗಲಿ, ಊರನ್ನಾಗಲಿ, ಭಾಷೆಯನ್ನಾಗಲಿ ತಿಳಿದಿರಬೇಕಾದ ಅಗತ್ಯವೇ ಇಲ್ಲ.

ಆದ್ದರಿಂದ ಈ ಬಾರಿ ಒಂದು ಊರನ್ನು, ಒಂದು ನದಿಯನ್ನು ಮುಂದಿಟ್ಟುಕೊಂಡು ಯೋಚಿಸೋಣ ಎನಿಸಿತು. ಭೂಪಟವಿದ್ದವರು ತೆರೆದಿಟ್ಟುಕೊಳ್ಳಿ. ಆಫ್ರಿಕಾದ ಪಶ್ಚಿಮ ಕರಾವಳಿ ಒಳಕ್ಕೆ ಬಾಗುವಲ್ಲಿ, ನೈಜೀರಿಯದ ಬಲಮಗ್ಗುಲಿಗೆ, ಕ್ಯಾಮರೂನ್ ದೇಶವಿದೆ. ಅದರ ಅತಿ ಉದ್ದದ ನದಿ ಸನಗಾ. ರಾಜಧಾನಿ ಯಾವುಂಡೆಯಿಂದ ಉತ್ತರಕ್ಕೆ ನೂರು ಕಿಲೋಮೀಟರಿನೊಳಗೆ ಹೋದರೆ ಆ ನದಿಗೆ ಸಮೀಪದಲ್ಲಿ ಎನ್‌ಟುಯಿ ಎಂಬ ಪಟ್ಟಣ ಸಿಗುತ್ತದೆ. ಆ ಸುತ್ತಿನಲ್ಲಿ ವಾಸಿಸುವ ಒಂದು ಸಣ್ಣ ಜನಸಮುದಾಯ ಟೂಕಿ. ಅವರ ಭಾಷೆ ಬಾಂಟು ಕುಟುಂಬಕ್ಕೆ ಸೇರಿದ್ದು. 1982ರ ಅಂದಾಜಿನಂತೆ ಅದನ್ನಾಡುವವರು ಸುಮಾರು 26,000 ಮಂದಿ. ನಮ್ಮ ಒಂದು ದೊಡ್ಡ ಹೋಬಳಿಯ ಜನಸಂಖ್ಯೆಯಷ್ಟು. ಇಷ್ಟು ಚಿಕ್ಕ ಭಾಷೆಯೊಳಗೂ ಹಲವು ಉಪಭಾಷೆಗಳಿವೆ ಎಂದರೆ, ತುಳುನಾಡಿನಲ್ಲಿ ಗದ್ದೆ ದಾಟಿದರೆ ಮಾತಿನ ರಾಗ ಬದಲಾಗುವುದನ್ನು ಕಂಡ ನಮಗೆ ಆಶ್ಚರ್ಯವೇನೂ ಆಗಬಾರದು.

ಈ ಜನರು ಸುಖವಾಗಿ ನಿದ್ರಿಸುತ್ತಿದ್ದಾಗ ಮಿಷನರಿ ಬಂದು ಎಬ್ಬಿಸಿದನೆಂದು ಭಾವಿಸಬಾರದು. ಹತ್ತೊಂಬತ್ತನೆಯ ಶತಮಾನದಲ್ಲಿ ಉತ್ತರದ ಕಡೆಯಿಂದ ವುಟೆ ನಾಯಕರ ದಾಳಿಗಳು ಸನಗಾ ಕಣಿವೆಯವರೆಗೂ ನಡೆಯುತ್ತಿದ್ದವು. ಸೆರೆಸಿಕ್ಕವರು ಗುಲಾಮರಾಗುತ್ತಿದ್ದರು. ಅನೇಕ ಸಣ್ಣ ಸಮುದಾಯಗಳು ನೆಲೆ ಬಿಟ್ಟು ನದಿ ದಾಟಿ ದಕ್ಷಿಣಕ್ಕೆ ಸರಿದವು. ಆ ಬೆನ್ನಿಗೇ ಜರ್ಮನ್ ಸೈನ್ಯ ಬಂದಿತು. ಅದರ ಹಿಂದೆ ಪಾದ್ರಿಗಳು. ಹೊಸ ಧರ್ಮ ಕಾಲಿಟ್ಟದ್ದು ಆಗಲೇ ಅಲುಗಾಡುತ್ತಿದ್ದ ಮನೆಯೊಳಕ್ಕೆ ಎಂಬುದನ್ನು ನೆನಪಿನಲ್ಲಿಡಬೇಕು.

ಕ್ಯಾಮರೂನಿನ ಕರಾವಳಿಗೆ ಕ್ರೈಸ್ತಧರ್ಮ ತಂದವರಲ್ಲಿ ಮೊದಲಿಗರು ಬಿಳಿಯರು ಮಾತ್ರವಾಗಿರಲಿಲ್ಲ. 1840ರ ದಶಕದಲ್ಲಿ ಬಿಂಬಿಯಾ ಎಂಬಲ್ಲಿ ನೆಲೆಸಿ ಇಸುಬು ಭಾಷೆ ಕಲಿತ ಜೋಸೆಫ್ ಮೆರಿಕ್ ಜಮೈಕಾದವನು. ಹಡಗುಗಳಲ್ಲಿ ಗುಲಾಮರಾಗಿ ಸಾಗಿಸಲ್ಪಟ್ಟ ಆಫ್ರಿಕನ್ನರ ನಾಡಿನಿಂದ ಮರಳಿ ಬಂದವನು. ಅವನ ನಂತರ ಅದೇ ಬ್ಯಾಪ್ಟಿಸ್ಟ್ ಮಿಷನಿನ ಆಲ್ಫ್ರೆಡ್ ಸೇಕರ್ ಡುವಾಲಾ ಭಾಷೆಗೆ ಇಡೀ ಬೈಬಲನ್ನು ಅನುವಾದಿಸಿ 1872ರಲ್ಲಿ ಮುಗಿಸಿದನು. 1884ರಲ್ಲಿ ಜರ್ಮನಿ ಆ ಕರಾವಳಿಯನ್ನು ತನ್ನದಾಗಿಸಿಕೊಂಡ ಮೇಲೆ, 1886ರಲ್ಲಿ ಬ್ಯಾಪ್ಟಿಸ್ಟರ ಕೆಲಸವನ್ನು ವಹಿಸಿಕೊಂಡದ್ದು ಯಾರೆಂದು ಬಲ್ಲಿರಾ? ನಮ್ಮ ಮಂಗಳೂರಿನವರಿಗೆ ಚೆನ್ನಾಗಿ ಪರಿಚಿತವಾದ ಬಾಸೆಲ್ ಮಿಷನ್! 1834ರಲ್ಲಿ ಮಂಗಳೂರಿಗೆ ಬಂದು, 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ, ಹೆಂಚಿನ ಕಾರ್ಖಾನೆ ನಡೆಸಿ, 1894ರಲ್ಲಿ ಕಿಟ್ಟೆಲರ ನಿಘಂಟನ್ನು ನಮ್ಮ ಕೈಗಿತ್ತ ಅದೇ ಸಂಸ್ಥೆ. ಕ್ಯಾಥೊಲಿಕ್ ಪಂಗಡದ ಪಲೋಟಿನ್ ಪಾದ್ರಿಗಳು 1890ರಲ್ಲಿ ಹೈನ್ರಿಕ್ ಫೀಟರ್ ಎಂಬುವರ ನೇತೃತ್ವದಲ್ಲಿ ಬಂದು ಸನಗಾ ನದಿಯ ಕೆಳದಂಡೆಯ ಮೇರಿಯೆನ್‌ಬೆರ್ಗಿನಲ್ಲಿ ಮೊದಲ ಠಾಣೆ ಹೂಡಿದರು. 1901ರ ಹೊತ್ತಿಗೆ ಯಾವುಂಡೆಯ ಗುಡ್ಡದ ಮೇಲೂ ಅವರ ಶಿಲುಬೆ ಕಾಣಿಸಿತು. ಟೂಕಿ ಜನರಿರುವ ನಡುನಾಡಿನಲ್ಲಿ ಇಂದು ಬಹುಪಾಲು ಜನ ಕ್ರೈಸ್ತರು, ಅವರಲ್ಲೂ ಕ್ಯಾಥೊಲಿಕರೇ ಹೆಚ್ಚು.

ಭಾಷಾಶಿಕ್ಷಕಿಯಾದ ನನಗೆ ಈ ಕಥೆಯಲ್ಲಿ ಅತ್ಯಂತ ಕುತೂಹಲಕರವಾಗಿ ಕಾಣುವುದು ಪದಗಳ ವ್ಯವಹಾರ. ಹೊಸ ದೇವರನ್ನು ಪರಿಚಯಿಸಬೇಕಾದರೆ ಅವನಿಗೊಂದು ಹೆಸರು ಬೇಕು. ಆ ಹೆಸರನ್ನು ಕೇಳುವವರ ಬಾಯಿಂದಲೇ ಎರವಲು ಪಡೆಯಬೇಕು. ಡುವಾಲಾ ಭಾಷೆಯಲ್ಲಿ 'ಲೋಬಾ' ಎಂದರೆ ಆಕಾಶ. ಕ್ರೈಸ್ತರ ದೇವರಿಗೂ ಅದೇ ಹೆಸರಾಯಿತು. ಯಾವುಂಡೆಯ ಸುತ್ತಿನ ಎವೊಂಡೊ ಭಾಷೆಯಲ್ಲಿ ಹಿರಿಯರು ಕರೆಯುತ್ತಿದ್ದ 'ಜಂಬಾ' ಎಂಬ ಹೆಸರು ಕ್ರೈಸ್ತರ ಪ್ರಾರ್ಥನೆಗೂ ಬಂದಿತು. ಹೊಸ ಧರ್ಮದ ಮೊದಲ ವಾಕ್ಯವನ್ನು ಉಚ್ಚರಿಸುವುದಕ್ಕೇ ಹಳೆಯ ಧರ್ಮದ ನೆರವು ಬೇಕಾಯಿತೆಂದ ಮೇಲೆ, ಹಳೆಯದೆಲ್ಲ ಕತ್ತಲೆ ಎಂಬ ಮಾತು ಅಲ್ಲಿಗೇ ಬಿದ್ದುಹೋಗುವುದಿಲ್ಲವೇ? ಕತ್ತಲೆಯಲ್ಲಿದ್ದವರಿಗೆ ದೇವರ ಹೆಸರು ಎಲ್ಲಿಂದ ತಿಳಿದಿತ್ತು?

ಆದರೆ ಈ ವ್ಯವಹಾರದಲ್ಲಿ ಎಲ್ಲ ಪದಗಳಿಗೂ ಸಮಾನ ಗೌರವ ದೊರೆಯಲಿಲ್ಲ. ಮೇಲಿರುವ ಒಬ್ಬ ದೇವರಿಗೆ ಹಳೆಯ ಹೆಸರನ್ನು ಒಪ್ಪಿದ ಮಿಷನರಿಗಳು, ಕೆಳಗೆ ಮನೆಯ ಸುತ್ತಮುತ್ತ ಓಡಾಡುವ ಹಿರಿಯರ ಆತ್ಮಗಳನ್ನೂ ನೀರಿನ, ಕಾಡಿನ ಶಕ್ತಿಗಳನ್ನೂ ಸೈತಾನನ ಪಡೆಗೆ ಸೇರಿಸಿಬಿಟ್ಟರು. ಇದು ನಮಗೆ ಅಪರಿಚಿತವಾದ ಸಂಗತಿಯೇನಲ್ಲ. ತುಳುವರ ಭೂತಾರಾಧನೆಯನ್ನು ಅಂದಿನ ವಿದ್ವಾಂಸರು ಇಂಗ್ಲಿಷಿಗೆ ತಂದಾಗ 'ಸೈತಾನ ಪೂಜೆ' ಎಂಬರ್ಥದ ಶೀರ್ಷಿಕೆಯನ್ನೇ ಕೊಟ್ಟರು. ಬರ್ನೆಲ್ ಸಂಗ್ರಹಿಸಿದ, 1890ರ ದಶಕದಲ್ಲಿ ಪ್ರಕಟವಾದ ಪಾಡ್ದನಗಳ ಮಾಲೆಗೆ ಆ ಹೆಸರೇ ಇದೆ. ಅದೇ ವೇಳೆ ಬಾಸೆಲ್ ಮಿಷನಿನ ಮ್ಯಾನರ್ 1886ರಲ್ಲಿ ತುಳು ನಿಘಂಟನ್ನೂ ಪಾಡ್ದನಗಳ ಸಂಕಲನವನ್ನೂ ಅಚ್ಚು ಹಾಕಿಸಿದರು. ಅವರ ಸಂಸ್ಥೆ ಕ್ಯಾಮರೂನಿಗೆ ಕಾಲಿಟ್ಟದ್ದೂ ಆ ವರ್ಷವೇ. ಅಳಿಸಬೇಕೆಂದು ಬಂದವರೇ ಬರೆದಿಟ್ಟು ಉಳಿಸಿದರು ಎನ್ನುವುದು ಈ ಇತಿಹಾಸದ ವಿಚಿತ್ರ. ನಿಂದನೆಯನ್ನೂ ಉಪಕಾರವನ್ನೂ ಒಂದೇ ಕೈ ಮಾಡಿದಾಗ ನಾವು ಎರಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಸಣ್ಣ ಭಾಷೆಗಳ ಪಾಡು ಇನ್ನೂ ಬೇರೆ. ಕರಾವಳಿಯ ಪ್ರಾಟೆಸ್ಟಂಟರು ಡುವಾಲಾವನ್ನೂ, ನಡುನಾಡಿನ ಕ್ಯಾಥೊಲಿಕರು ಎವೊಂಡೊವನ್ನೂ ಬೋಧನೆಯ ಭಾಷೆಯಾಗಿ ಆರಿಸಿಕೊಂಡರು. ಹತ್ತಾರು ಭಾಷೆಗಳಿರುವ ನಾಡಿನಲ್ಲಿ ಅದು ಅನುಕೂಲದ ಮಾತು, ಒಪ್ಪೋಣ. ಆದರೆ ಅಂಥ ನಾಡಿನ ಸಣ್ಣ ಸಮುದಾಯಗಳ ದೃಷ್ಟಿಯಿಂದ ನೋಡಿ: ದೇವರು ದೂರದ ಯುರೋಪಿನಿಂದ ಬಂದದ್ದು ಸಾಲದೆಂಬಂತೆ ಪಕ್ಕದ ದೊಡ್ಡ ಜನಾಂಗದ ಮಾತಿನಲ್ಲಿ ಬಂದನು. ದೇವರೊಡನೆ ಮಾತನಾಡಲು ನೆರೆಮನೆಯ ಭಾಷೆ, ಸತ್ತ ಅಜ್ಜನೊಡನೆ ಮಾತನಾಡಲು ತಾಯಿಯ ಭಾಷೆ. ಹೀಗಿರುವಾಗ ಹಳೆಯ ಆಚರಣೆಗಳು ತಾಯಿನುಡಿಯ ಮಡಿಲಲ್ಲಿ ಉಳಿದುಕೊಂಡರೆ ಅದನ್ನು ಅಜ್ಞಾನ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ಈ ವಿಷಯದಲ್ಲಿ ತುಳುವರು ಅದೃಷ್ಟವಂತರು. ಅವರಿಗೆ ಹೊಸ ಒಡಂಬಡಿಕೆ 1847ರಲ್ಲಿಯೇ ಅವರ ಮಾತಿನಲ್ಲಿ, ಕನ್ನಡ ಲಿಪಿಯಲ್ಲಿ ದೊರೆಯಿತು.

ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಸಮಾಜ ಪಾಠ ನಡೆಯುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಟೀಚರ್, ಮತ ಬದಲಾಯಿಸಿದವರು ಅವರ ಅಜ್ಜ ಅಜ್ಜಿಯನ್ನು ಏನು ಮಾಡ್ತಾರೆ?" ಎಂದು ಕೇಳಿದ್ದನು. ತರಗತಿ ನಕ್ಕಿತು. ನನಗೆ ಮಾತ್ರ ಅದು ಬಹಳ ಆಳವಾದ ಪ್ರಶ್ನೆಯೆನಿಸಿತು. ಕ್ಯಾಮರೂನಿನ ದೇವಶಾಸ್ತ್ರಜ್ಞರು ಪುಸ್ತಕಗಟ್ಟಲೆ ಬರೆದದ್ದು ಈ ಪ್ರಶ್ನೆಯ ಮೇಲೆಯೇ. ದೀಕ್ಷಾಸ್ನಾನವಿಲ್ಲದೆ ಸತ್ತ ಅಜ್ಜಿ ಎಲ್ಲಿದ್ದಾಳೆ? ಹೊಲದ ಮೊದಲ ಬೆಳೆಯಲ್ಲಿ ಅವಳಿಗೊಂದು ಪಾಲಿಟ್ಟರೆ ಅದು ಪಾಪವೋ, ಕೃತಜ್ಞತೆಯೋ? ಸನಗಾ ಸೀಮೆಯಲ್ಲೂ ಆಫ್ರಿಕಾದ ಬಹುಭಾಗದಲ್ಲೂ ಮನೆತನವೆಂದರೆ ಬದುಕಿರುವವರು ಮಾತ್ರವಲ್ಲ. ತೀರಿಹೋದವರೂ ಇನ್ನೂ ಹುಟ್ಟದವರೂ ಅದರ ಸದಸ್ಯರೇ. ಸತ್ತವರನ್ನು ಕೈಬಿಡು ಎಂದರೆ ಅಲ್ಲಿನವರಿಗೆ ಮನೆಯನ್ನು ಅರ್ಧಕ್ಕೆ ಕೆಡವು ಎಂದಂತೆ ಕೇಳಿಸುತ್ತದೆ.

ಈ ಪ್ರಶ್ನೆಯನ್ನು ಅತ್ಯಂತ ನಿಷ್ಠುರವಾಗಿ ಎತ್ತಿದವರು ಜ್ಯಾಂ ಮಾರ್ಕ್ ಎಲಾ. 1936ರಲ್ಲಿ ದಕ್ಷಿಣ ಕ್ಯಾಮರೂನಿನಲ್ಲಿ ಹುಟ್ಟಿದ ಈ ಕ್ಯಾಥೊಲಿಕ್ ಪಾದ್ರಿ, ಸಮಾಜಶಾಸ್ತ್ರಜ್ಞರೂ ಹೌದು, ದೇಶದ ಉತ್ತರದ ತೊಕೊಂಬೆರೆಯಲ್ಲಿ ಗುಡ್ಡಗಾಡಿನ ರೈತರ ನಡುವೆ ಅನೇಕ ವರ್ಷ ಬದುಕಿದರು. ಅವರ ವಾದದ ತಿರುಳು ಇಷ್ಟು: ಹಿರಿಯರ ಸ್ಮರಣೆಯನ್ನು ದೇವರ ಪೂಜೆಯೊಂದಿಗೆ ಸ್ಪರ್ಧೆಗೆ ನಿಲ್ಲಿಸುವುದೇ ತಪ್ಪು, ಅದು ಮಗನಿಗೂ ತಂದೆಗೂ ಇರುವ ಸಂಬಂಧದ ಮುಂದುವರಿಕೆ. ರಾಗಿ ಸಜ್ಜೆಯಂಥ ಕಿರುಧಾನ್ಯ ತಿನ್ನುವ ನಾಡಿನಲ್ಲಿ ಪೂಜೆಯ ರೊಟ್ಟಿಗೆ ಹೊರಗಿನ ಗೋಧಿ, ಪಾನಕ್ಕೆ ಹೊರಗಿನ ದ್ರಾಕ್ಷಾರಸವೇ ಏಕೆ ಆಗಬೇಕು ಎಂದೂ ಅವರು ಕೇಳಿದರು. ಆದರೆ ಎಲಾ ಅಲ್ಲಿಗೇ ನಿಲ್ಲಲಿಲ್ಲ. ಡೋಲು, ಬಣ್ಣದ ಬಟ್ಟೆ, ನೃತ್ಯಗಳನ್ನು ಚರ್ಚಿನೊಳಗೆ ತಂದ ಮಾತ್ರಕ್ಕೆ ಧರ್ಮ ಆಫ್ರಿಕಾದ್ದಾಗುವುದಿಲ್ಲ; ರೈತನ ಕಣಜ ಬರಿದಾಗಿರುವಾಗ, ಅವನ ಮಗು ಔಷಧಿಯಿಲ್ಲದೆ ಸಾಯುವಾಗ ಸುಮ್ಮನಿರುವ ಧರ್ಮ ಯಾವ ಭಾಷೆಯಲ್ಲಿ ಹಾಡಿದರೇನು ಎಂಬುದು ಅವರ ನಿಲುವು. 1995ರಲ್ಲಿ ಅವರ ಸಮಕಾಲೀನರಾದ ಯೇಸುಸಭೆಯ ವಿದ್ವಾಂಸ, ಕಲಾವಿದ ಎಂಗೆಲ್ಬರ್ಟ್ ಎಂವೆಂಗ್ ಕೊಲೆಯಾದಾಗ ಎಲಾ ದೇಶ ಬಿಟ್ಟು ಕೆನಡಾಕ್ಕೆ ಹೋಗಬೇಕಾಯಿತು. ಅಲ್ಲಿಯೇ 2008ರಲ್ಲಿ ತೀರಿಕೊಂಡರು.

ಹಿರಿಯರ ವಿಷಯದಲ್ಲಿ ರೋಮಿನ ಚರ್ಚೇ ಒಮ್ಮೆ ತನ್ನ ಮಾತನ್ನು ಬದಲಿಸಿದೆ. ಚೀನಾದ ಕ್ರೈಸ್ತರು ಹಿರಿಯರ ಫಲಕದ ಮುಂದೆ ತಲೆಬಾಗುವುದನ್ನು 1742ರಲ್ಲಿ ಪೋಪರು ಕಟ್ಟುನಿಟ್ಟಾಗಿ ನಿಷೇಧಿಸಿದರು. 1939ರಲ್ಲಿ ಅದು ಕುಟುಂಬ ಗೌರವವೇ ಹೊರತು ಪೂಜೆಯಲ್ಲವೆಂದು ಒಪ್ಪಿ ಅನುಮತಿ ಕೊಡಲಾಯಿತು. ನಡುವಿನ ಸುಮಾರು ಇನ್ನೂರು ವರ್ಷ ಎಷ್ಟು ಮಕ್ಕಳು ತಾಯ್ತಂದೆಯರ ಶವದ ಮುಂದೆ ಕೈಮುಗಿಯಲೋ ಬೇಡವೋ ಎಂದು ತಳಮಳಿಸಿರಬಹುದು! ಶಾಸ್ತ್ರವನ್ನು ತಿದ್ದುವವರು ನಿಧಾನವಾಗಿ ತಿದ್ದುತ್ತಾರೆ. ಅದರ ಬೆಲೆಯನ್ನು ಸಾಮಾನ್ಯರು ಆಗಿಂದಾಗಲೇ ತೆರುತ್ತಾರೆ.

ಇಷ್ಟು ಓದಿದ ಮೇಲೆ ನಿಮ್ಮಲ್ಲಿ ಕೆಲವರು, "ಹಾಗಾದರೆ ಹಳೆಯ ಧರ್ಮವನ್ನು ಹಾಗೆಯೇ ಬಿಡಬೇಕಿತ್ತು ಎನ್ನುತ್ತೀರಾ?" ಎಂದು ಕೇಳಬಹುದು. ಇಲ್ಲ, ನಾನು ಹಾಗೆ ಹೇಳಲಾರೆ. ಹಳೆಯದರಲ್ಲಿ ಬಹಳ ಒಳ್ಳೆಯದಿತ್ತು. ಟೂಕಿಗಳ ದಕ್ಷಿಣದ ನೆರೆಯವರಾದ ಬೇಟಿ ಜನರಲ್ಲಿ 'ತ್ಸೋ' ಎಂಬ ಶುದ್ಧೀಕರಣ ವಿಧಿಯಿತ್ತು. ಮನೆತನದೊಳಗೆ ರಕ್ತ ಹರಿದಾಗ ತಪ್ಪಿತಸ್ಥನು ಎಲ್ಲರೆದುರು ತಪ್ಪೊಪ್ಪಿಕೊಳ್ಳಬೇಕು, ಆಮೇಲೆ ನೀರಿನಲ್ಲಿ ಅವನನ್ನು ಶುದ್ಧಗೊಳಿಸಿ ಸಮುದಾಯ ಮತ್ತೆ ಒಳಗೆ ಸೇರಿಸಿಕೊಳ್ಳುತ್ತಿತ್ತು. ಸೇಡನ್ನು ನಿಲ್ಲಿಸುವುದಕ್ಕೆ ಇದಕ್ಕಿಂತ ಸೊಗಸಾದ ಉಪಾಯವನ್ನು ನಾನು ಕಾಣೆ.

ಆದರೆ ಅದೇ ಜನರಲ್ಲಿ 'ಅಕೂಸ್' ಎಂಬ ಇನ್ನೊಂದು ವಿಧಿಯೂ ಇತ್ತು. ಗಂಡ ಸತ್ತಾಗ ಹೆಂಡತಿ ಅನುಭವಿಸಬೇಕಾದ ವಿಧಿ ಅದು. ಅವಳನ್ನು ನೆಲದ ಮೇಲೆ ಕೂರಿಸುವುದು, ತಲೆ ಬೋಳಿಸುವುದು, ಗಂಡನ ಅಕ್ಕತಂಗಿಯರು ಅವಳನ್ನು ಹಂಗಿಸಿ ಹಿಂಸಿಸುವುದು, ಅನಂತರ ಸತ್ತವನ ಆಸ್ತಿಯಂತೆ ಅವಳನ್ನೂ ಅವನ ಬಂಧುವೊಬ್ಬನಿಗೆ ವಹಿಸಿಕೊಡುವುದು. ಇದನ್ನು ನಡೆಸುತ್ತಿದ್ದವರೂ ಹಿರಿಯರ ಹೆಸರಿನಲ್ಲಿಯೇ ನಡೆಸುತ್ತಿದ್ದರು. ಮಾಟಗಾರಿಕೆಯ ಆರೋಪದ ಕಥೆಯೂ ಅಷ್ಟೇ. ಅಕಾಲ ಮರಣ ಸಂಭವಿಸಿದರೆ ಯಾರೋ ಮಾಡಿಸಿರಲೇಬೇಕು ಎಂಬ ನಂಬಿಕೆ. ಬೆರಳು ಕೊನೆಗೆ ಹೋಗಿ ನಿಲ್ಲುತ್ತಿದ್ದುದು ಮುದುಕಿಯ ಕಡೆಗೋ ಅನಾಥನ ಕಡೆಗೋ. ಇದು ಹಳೆಯ ಕಾಲಕ್ಕೆ ಮುಗಿದ ಮಾತೂ ಅಲ್ಲ. ಕ್ಯಾಮರೂನಿನ ದಂಡಸಂಹಿತೆಯ 251ನೆಯ ಕಲಮು ಮಾಟಗಾರಿಕೆಯನ್ನು ಶಿಕ್ಷಾರ್ಹ ಅಪರಾಧವೆಂದು ಹೇಳುತ್ತದೆ. 1980ರ ದಶಕದಿಂದ ದೇಶದ ಪೂರ್ವಭಾಗದ ನ್ಯಾಯಾಲಯಗಳಲ್ಲಿ ನಾಟಿ ವೈದ್ಯರ ಸಾಕ್ಷ್ಯವನ್ನೇ ನೆಚ್ಚಿ ಜನರನ್ನು ಸೆರೆಮನೆಗೆ ಕಳುಹಿಸಿದ ಪ್ರಕರಣಗಳನ್ನು ಮಾನವಶಾಸ್ತ್ರಜ್ಞ ಪೀಟರ್ ಗೆಷಿಯೆರೆ ದಾಖಲಿಸಿದ್ದಾರೆ.

ಇನ್ನು ಮಿಷನಿನ ಕಡೆಗೆ ಬರೋಣ. ಗಂಡ ಸತ್ತ ಮೇಲೆ ಮೈದುನನ ಪಾಲಾಗಲೊಲ್ಲದ ಹೆಣ್ಣು, ಮುದುಕ ನಾಯಕನ ಹತ್ತಾರು ಹೆಂಡಿರಲ್ಲಿ ಒಬ್ಬಳಾಗಲೊಲ್ಲದ ಹುಡುಗಿ ಓಡಿಬಂದು ಸೇರುತ್ತಿದ್ದುದು ಮಿಷನಿನ ಅಂಗಳಕ್ಕೆ. ವಿಧವೆಯನ್ನು ಹಂಚಿಕೊಡುವ ಪದ್ಧತಿಯನ್ನು ಪಾದ್ರಿಗಳು ಎದುರಿಸಿದರು, ಆಕೆಗೆ ಆಶ್ರಯ ಕೊಟ್ಟರು. ಇದು ಸಣ್ಣ ಉಪಕಾರವಲ್ಲ. ಹೊಸ ಧರ್ಮ ಅಲ್ಲಿ ಅಷ್ಟು ವೇಗವಾಗಿ ಹರಡಿದ್ದಕ್ಕೆ ಶಾಲೆ, ಔಷಧಿ, ಸರ್ಕಾರಿ ನೌಕರಿಯ ಆಸೆಗಳ ಜೊತೆಗೆ ಇದೂ ಒಂದು ಕಾರಣವೆಂದು ನಾನು ನಂಬುತ್ತೇನೆ.

ಆದರೆ ಅದೇ ಅಂಗಳದಲ್ಲಿ 'ಸಿಕ್ಸಾ' ಎಂಬ ಮನೆಯಿತ್ತು. ಕ್ರೈಸ್ತ ವಿವಾಹಕ್ಕೆ ಸಿದ್ಧರಾಗುವ ಹೆಣ್ಣುಮಕ್ಕಳನ್ನು ತಿಂಗಳುಗಟ್ಟಲೆ ಅಲ್ಲಿ ಇರಿಸಿಕೊಳ್ಳುತ್ತಿದ್ದರು. ಬೋಧನೆಯ ಹೆಸರಿನಲ್ಲಿ ಅವರು ಮಿಷನಿನ ಹೊಲಗಳಲ್ಲಿ ಕೂಲಿಯಿಲ್ಲದೆ ದುಡಿಯಬೇಕಿತ್ತು. ಕ್ಯಾಮರೂನಿನ ಪ್ರಸಿದ್ಧ ಕಾದಂಬರಿಕಾರ ಮೊಂಗೊ ಬೇಟಿ 1956ರಲ್ಲಿ ಪ್ರಕಟಿಸಿದ, 'ಬೊಂಬಾದ ಬಡಪಾಯಿ ಕ್ರಿಸ್ತ' ಎಂದು ನಾವು ಕರೆಯಬಹುದಾದ ಫ್ರೆಂಚ್ ಕಾದಂಬರಿಯಲ್ಲಿ ಈ ಸಿಕ್ಸಾದ ಒಳಗಿನ ಬದುಕು ಬಯಲಾಗುತ್ತದೆ. ಪಾದ್ರಿಯನ್ನು ಭಕ್ತಿಯಿಂದ ಕಾಣುವ ಮುಗ್ಧ ಹುಡುಗನೊಬ್ಬನ ದಿನಚರಿಯ ರೂಪದಲ್ಲಿ ಕಥೆ ಸಾಗುತ್ತದೆ. ಸದುದ್ದೇಶದ ಆ ಪಾದ್ರಿಗೆ ತನ್ನ ಅಂಗಳದಲ್ಲಿಯೇ ಆ ಹೆಣ್ಣುಮಕ್ಕಳ ಮೇಲೆ ನಡೆದ ಶೋಷಣೆ, ಅವರಿಗೆ ಅಂಟಿದ ರೋಗ ತಿಳಿಯುವುದು ಬಹಳ ತಡವಾಗಿ. ಆಮೇಲೂ ಶಿಕ್ಷೆಗೊಳಗಾಗುವವರು ಆ ಹೆಣ್ಣುಗಳೇ. ಏಕಪತ್ನೀವ್ರತದ ನಿಯಮವನ್ನೇ ತೆಗೆದುಕೊಳ್ಳಿ. ದೀಕ್ಷೆ ಪಡೆಯುವ ಗಂಡಸು ಒಬ್ಬಳನ್ನು ಉಳಿಸಿಕೊಂಡು ಉಳಿದವರನ್ನು ಬಿಡಬೇಕು. ನಿಯಮ ಉದಾತ್ತವಾದುದೇ. ಬಿಟ್ಟವಳು ತನ್ನ ಮಕ್ಕಳೊಂದಿಗೆ ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಗೆ ಆ ನಿಯಮದಲ್ಲಿ ಉತ್ತರವಿರಲಿಲ್ಲ.

ಈಗ ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಒಂದು ಆಚರಣೆ ಹಳೆಯದೋ ಹೊಸದೋ, ಸ್ವದೇಶಿಯೋ ಪರದೇಶಿಯೋ, ಶಾಸ್ತ್ರದಲ್ಲಿದೆಯೋ ಇಲ್ಲವೋ ಎಂಬುದು ಅದನ್ನು ಅಳೆಯುವ ಸರಿಯಾದ ಮಾನದಂಡವಲ್ಲ. ಆ ಮನೆಯಲ್ಲಿ ಅತ್ಯಂತ ದುರ್ಬಲಳಾದವಳಿಗೆ ಅದರಿಂದ ಏನಾಯಿತು ಎಂದು ಕೇಳಬೇಕು. ಸನಗಾ ತೀರದಲ್ಲಿ ಅವಳು ವಿಧವೆ. ಆ ವಿಧವೆಯನ್ನು ನಡುವೆ ನಿಲ್ಲಿಸಿ ನೋಡಿದರೆ ಎರಡೂ ಧರ್ಮಗಳ ಒಳಿತು ಕೆಡುಕುಗಳು ತಾವಾಗಿಯೇ ಬೇರ್ಪಡುತ್ತವೆ. ಅಜ್ಜಿಯ ಹೆಸರಿನಲ್ಲಿ ಒಂದು ತುತ್ತು ಎತ್ತಿಡುವುದರಿಂದ ಯಾರಿಗೂ ನೋವಿಲ್ಲ, ಅದು ಉಳಿಯಲಿ. ತಪ್ಪೊಪ್ಪಿಕೊಂಡವನನ್ನು ಮತ್ತೆ ಒಳಗೆ ಕರೆಯುವ ವಿಧಿ ಉಳಿಯಲಿ. ಪಾದ್ರಿಯ ಮುಂದೆ ನಡೆದರೂ ಸರಿ, ಹೊಳೆಯ ದಂಡೆಯಲ್ಲಿ ನಡೆದರೂ ಸರಿ. ಹೆಣ್ಣಿನ ತಲೆ ಬೋಳಿಸಿ ನೆಲದಲ್ಲಿ ಕೂರಿಸುವುದು ಹೋಗಲಿ. ಬೋಧನೆಯ ಹೆಸರಿನಲ್ಲಿ ಬಿಟ್ಟಿ ದುಡಿಸುವುದೂ ಹೋಗಲಿ. ಮೊದಲನೆಯದು ನಮ್ಮ ಸಂಸ್ಕೃತಿ ಎನ್ನುವವರಿಗೂ ಎರಡನೆಯದು ಶಿಸ್ತು ಎನ್ನುವವರಿಗೂ ನನ್ನ ಉತ್ತರ ಒಂದೇ: ಆ ಮಾತನ್ನು ಅವಳ ಎದುರು ನಿಂತು ಹೇಳಿ.

"ಆ ನಾಡಿನ ವಿಷಯದಲ್ಲಿ ತೀರ್ಪು ಹೇಳಲು ನಾವು ಯಾರು?" ಎಂಬ ಆಕ್ಷೇಪಣೆ ಬರಬಹುದು. ನ್ಯಾಯವಾದ ಆಕ್ಷೇಪಣೆಯೇ. ನಮ್ಮ ಬಂಧುಗಳಲ್ಲಿ ಎಂಬತ್ತು ದಾಟಿದವರಿಗೆ ತಮ್ಮ ಮನೆಯ ಕತ್ತಲೆ ಕೋಣೆಯಲ್ಲಿ ತಲೆಯ ಮೇಲೆ ಸೆರಗೆಳೆದು ಕುಳಿತಿರುತ್ತಿದ್ದ ದೊಡ್ಡಮ್ಮಂದಿರ ಮುಖ ನೆನಪಿರಬಹುದು. ಅವರಿಗೂ ಶುಭಕಾರ್ಯದಲ್ಲಿ ಜಾಗವಿರಲಿಲ್ಲ, ಅದನ್ನೂ ಧರ್ಮವೆಂದೇ ಕರೆದಿದ್ದೆವು. ಇಂಥ ಮನೆಗಳಿಂದ ಬಂದ ನಾವು ಯಾರನ್ನೂ ಮೇಲಿನಿಂದ ನೋಡುವಂತಿಲ್ಲ. ಆದರೆ ಅದೇ ಕಾರಣಕ್ಕಾಗಿ ಆ ವಿಧವೆಯ ಕಷ್ಟವನ್ನು ಅರ್ಥಮಾಡಿಕೊಳ್ಳುವ ಯೋಗ್ಯತೆ ನಮಗಿದೆ. ಅಲ್ಲದೆ ನಾನು ಹೇಳುತ್ತಿರುವ ಮಾತು ಹೊರಗಿನಿಂದ ಹೇರಿದ್ದೂ ಅಲ್ಲ. ಕ್ಯಾಮರೂನಿನ ಮಹಿಳೆಯರೇ, ಅಲ್ಲಿನ ಚರ್ಚುಗಳ ಸ್ತ್ರೀ ಸಂಘಗಳೂ ಸೇರಿ, ಈ ವಿಧಿಗಳ ವಿರುದ್ಧ ದನಿಯೆತ್ತಿದ್ದಾರೆ. 2016ರಲ್ಲಿ ಪರಿಷ್ಕೃತವಾದ ಅಲ್ಲಿನ ದಂಡಸಂಹಿತೆ ದಾಂಪತ್ಯದ ಮನೆಯಿಂದ ಸಂಗಾತಿಯನ್ನು ಹೊರದೂಡುವುದನ್ನು ಅಪರಾಧವೆಂದು ಸಾರಿದೆ.

ಇನ್ನೊಂದು ಆಕ್ಷೇಪಣೆ, "ಭಾನುವಾರ ಚರ್ಚು, ಸೋಮವಾರ ನಾಟಿ ವೈದ್ಯ; ಇದು ಎರಡು ದೋಣಿಯಲ್ಲಿ ಕಾಲಿಡುವ ಕಪಟವಲ್ಲವೇ?" ಎಂಬುದು. ನನಗೆ ಹಾಗೆನಿಸುವುದಿಲ್ಲ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಪಾದ್ರಿಗಳು ಕ್ಯಾಮರೂನಿನಿಂದ ಹೊರಹೋಗಬೇಕಾಯಿತು. ಆ ಯುದ್ಧ ನಮ್ಮ ಮಂಗಳೂರಿನ ಬಾಸೆಲ್ ಮಿಷನರಿಗಳನ್ನೂ ಇಲ್ಲಿಂದ ಹೊರಡಿಸಿತು. ಆಗ ಅಲ್ಲಿನ ಪ್ರಾರ್ಥನಾ ಮಂದಿರಗಳನ್ನು ನಡೆಸಿದವರು ಸ್ಥಳೀಯ ಉಪದೇಶಿಗಳು. ಆ ಮಣ್ಣಿನಲ್ಲಿ ಹುಟ್ಟಿ ಆ ಹಿರಿಯರ ಮಡಿಲಲ್ಲಿ ಬೆಳೆದವರು. ಮೊದಲ ಕ್ಯಾಮರೂನ್ ಪಾದ್ರಿಗಳಿಗೆ ದೀಕ್ಷೆಯಾದದ್ದು 1935ರಲ್ಲಿ. ಅದಕ್ಕೂ ಮುಂಚೆಯೇ ಧರ್ಮ ಅವರದ್ದಾಗಿ ಹೋಗಿತ್ತು. ಯಾವುಂಡೆಯ ಎನ್‌ಜೋಂಗ್ ಮೆಲೆನ್ ಎಂಬಲ್ಲಿ ಸಂಗೀತಜ್ಞ ಪಾದ್ರಿ ಪೀ ಕ್ಲೋಡ್ ಎಂಗುಮು ರೂಪಿಸಿದ ಪೂಜಾಕ್ರಮದಲ್ಲಿ, ಒಂದು ಕಾಲಕ್ಕೆ ಚರ್ಚಿನ ಹೊಸ್ತಿಲ ಹೊರಗಿದ್ದ ಮರದ ಪಟ್ಟಿಯ ವಾದ್ಯಗಳು ಒಳಗೆ ಬಂದು ನುಡಿದವು. ಡುವಾಲಾ ನಗರದ ವೂರಿ ನದಿಯ ದಂಡೆಯಲ್ಲಿ ಸಾವಾ ಜನರು ವರ್ಷಕ್ಕೊಮ್ಮೆ ಎನ್‌ಗೊಂಡೊ ಎಂಬ ಹಬ್ಬ ನಡೆಸುತ್ತಾರೆ. ದೀಕ್ಷೆ ಪಡೆದವನೊಬ್ಬ ನೀರಿನಾಳಕ್ಕಿಳಿದು ಜಲದೇವತೆಗಳ ಸಂದೇಶ ತರುತ್ತಾನೆಂಬುದು ನಂಬಿಕೆ. 1981ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತ್ತು. 1991ರಲ್ಲಿ ಮತ್ತೆ ಆರಂಭವಾಯಿತು. 2024ರಲ್ಲಿ ಯುನೆಸ್ಕೊದ ಪಾರಂಪರಿಕ ಪಟ್ಟಿಗೂ ಸೇರಿತು. ಸೇಕರನ ಕಾಲದಿಂದ ಬೈಬಲ್ ಓದುತ್ತ ಬಂದ ಜನರ ಹಬ್ಬವಿದು. ಮೊಮ್ಮಗ ಓದಿ ಬೇರೆ ಊರಿಗೆ ಹೋದ ಮಾತ್ರಕ್ಕೆ ಅಜ್ಜನ ಮನೆಗೆ ಬರುವುದನ್ನು ಬಿಡಬೇಕೆಂಬ ನಿಯಮ ಎಲ್ಲಿದೆ?

ಇಂದಿನ ದಿನಗಳಲ್ಲಿ ನನಗೆ ಕಳವಳ ಹುಟ್ಟಿಸುವುದು ಬೇರೆ. ಹಳೆಯ ಚರ್ಚುಗಳು ತಿಳಿವಳಿಕೆ ಪಡೆದು ಮೆತ್ತಗಾದ ಹೊತ್ತಿಗೆ, ಪವಾಡ ಮತ್ತು ಬಿಡುಗಡೆಯ ಹೆಸರಿನ ಹೊಸ ಪಂಗಡಗಳು ಆಫ್ರಿಕಾದ ನಗರಗಳಲ್ಲಿ ಧ್ವನಿವರ್ಧಕ ಹಿಡಿದು ನಿಂತಿವೆ. ಇವರಲ್ಲಿ ಕೆಲವರು ಹಿರಿಯರನ್ನು ಮತ್ತೆ ಸೈತಾನರೆನ್ನುತ್ತಾರೆ, ಮಾಟಗಾರಿಕೆಯ ಭಯವನ್ನು ಮಾತ್ರ ಹಾಗೆಯೇ ಉಳಿಸಿಕೊಳ್ಳುತ್ತಾರೆ. ಅಂದರೆ ಹಳೆಯ ಧರ್ಮದ ಪ್ರೀತಿಯನ್ನು ಎಸೆದು ಅದರ ಭಯವನ್ನು ಇಟ್ಟುಕೊಂಡಂತಾಯಿತು. ಎರಡೂ ಲೋಕದ ಕೆಟ್ಟದ್ದನ್ನು ಒಟ್ಟುಗೂಡಿಸುವ ಈ ವ್ಯಾಪಾರದಲ್ಲಿ ಮತ್ತೆ ಬೆರಳು ಹೋಗಿ ನಿಲ್ಲುವುದು ಮುದುಕಿಯ ಕಡೆಗೇ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಎಲ್ಲ ಮತದವರೂ ಇದ್ದೀರಿ. ಮದುವೆ, ಉದ್ಯೋಗ, ವಲಸೆಗಳಿಂದ ನಿಮ್ಮ ಮನೆಗಳಲ್ಲಿಯೂ ಈಗ ಎರಡು ಮೂರು ಬಗೆಯ ನಂಬಿಕೆಗಳು ಒಟ್ಟಿಗೆ ಊಟಕ್ಕೆ ಕೂರುತ್ತಿವೆ. ಯಾವ ಪದ್ಧತಿ ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ಚರ್ಚೆ ಎದ್ದಾಗ ಪುರೋಹಿತರನ್ನೋ ಪಾದ್ರಿಗಳನ್ನೋ ಮೌಲ್ವಿಗಳನ್ನೋ ಕೇಳುವಿರಿ, ಕೇಳಿ. ಅದಕ್ಕೂ ಮೊದಲು ಮನೆಯೊಳಗೆ ಒಮ್ಮೆ ಕಣ್ಣಾಡಿಸಿ, ಮಾತನಾಡದೆ ಮೂಲೆಯಲ್ಲಿ ಕುಳಿತವರು ಯಾರೆಂದು ನೋಡಿ. ಅವರನ್ನು ಕೇಳಿ. ಅವರು ಹೇಳುವ ಉತ್ತರ ಬಹುಶಃ ಯಾವ ಶಾಸ್ತ್ರಕ್ಕೂ ವಿರುದ್ಧವಾಗಿರಲಾರದು. ಒಂದು ವೇಳೆ ವಿರುದ್ಧವಾಗಿದ್ದರೆ ಶಾಸ್ತ್ರವೇ ತುಸು ಕಾಯಲಿ. ಚೀನಾದಲ್ಲಿ ಇನ್ನೂರು ವರ್ಷ ಜನರನ್ನು ಕಾಯಿಸಿದ ಶಾಸ್ತ್ರಕ್ಕೆ ಸ್ವಲ್ಪ ಕಾಯುವ ತಾಳ್ಮೆ ಇದ್ದೀತು.